ಕಡಲು ನೋಡಲು ಬಂದವರಿಗೆ ಗದ್ದೆಯನ್ನೂ ತೋರಿಸಿ: ಮರವಂತೆ ಬದಿಯ ನನ್ನ ಎರಡು ವರ್ಷದ ಅನುಭವ

ಒಂದು ಭಾನುವಾರ ಸಂಜೆ ಮರವಂತೆಯಲ್ಲಿ ಬೈಕ್ ನಿಲ್ಲಿಸಿ ಸುಮ್ಮನೆ ನೋಡಿ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ಹೊಳೆ. ಕಾರಿನಿಂದ ಇಳಿದವರು ಮೊದಲು ಕಡಲಿಗೆ ಬೆನ್ನು ಹಾಕಿ ಒಂದು ಸೆಲ್ಫಿ ತೆಗೀತಾರೆ. ರಸ್ತೆ ದಾಟಿ ಹೊಳೆಗೆ ಬೆನ್ನು ಹಾಕಿ ಇನ್ನೊಂದು. ಒಂದು ಬೊಂಡ, ಒಂದು ಪ್ಲೇಟ್ ಚರುಮುರಿ. ಹದಿನೈದು ನಿಮಿಷದಲ್ಲಿ ಕಾರು ಕೊಲ್ಲೂರಿಗೋ ಮುರುಡೇಶ್ವರಕ್ಕೋ ಹೊರಟಾಯಿತು.

ಹೊಳೆ ಬದಿಯ ಆ ಫೋಟೊವನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ಆಚೆ ದಡದಲ್ಲಿ ತೆಂಗಿನ ಸಾಲು, ಅದರ ಹಿಂದೆ ಹಸಿರು ಗದ್ದೆ, ಇನ್ನೂ ಹಿಂದೆ ನೀಲಿಯಾಗಿ ಘಟ್ಟದ ಸಾಲು. ಆ ಹಸಿರಿನಲ್ಲಿ ಒಂದು ತುಂಡು ನಮ್ಮದು. ಲಕ್ಷಾಂತರ ಫೋನುಗಳಲ್ಲಿ ಈ ಹಸಿರು ಕೂತಿರಬಹುದು. ಅದನ್ನು ಹಸಿರಾಗಿ ಇಟ್ಟವರಿಗೆ ಅದರಿಂದ ಬಂದದ್ದು ಏನು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಮೂರು ವರ್ಷದ ಹಿಂದೆ, ಗದ್ದೆಯೇ ಕೈತಪ್ಪಿ ಹೋಗುವ ಹೊತ್ತಿಗೆ.

60 ಸೆಂಟ್ಸಿನ ಪ್ರಶ್ನೆ

ನಾನು ಮೂಡಿಗೆರೆಯಲ್ಲಿ ತೋಟಗಾರಿಕೆ ಪದವಿ ಓದಿ, ನಾಲ್ಕು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಊರಿಗೆ ವಾಪಸ್ ಬಂದವ. ನಮ್ಮದು ಒಟ್ಟು ಎರಡೂವರೆ ಎಕರೆ. ಒಂದೂವರೆ ಎಕರೆ ಬೈಲು ಗದ್ದೆ, ಉಳಿದದ್ದು ಬೆಟ್ಟಿನಲ್ಲಿ ತೆಂಗು, ನಡುವೆ ಕಾಳುಮೆಣಸು, ಬಾಳೆ. ಮಳೆಗಾಲಕ್ಕೆ ಭತ್ತ. ಕೊಯ್ಲು ಮುಗಿದ ಮೇಲೆ ಸ್ವಲ್ಪ ಕಲ್ಲಂಗಡಿ, ಸ್ವಲ್ಪ ಉದ್ದು, ಮನೆಗಾಗಿ ಉಳಿಯುವಷ್ಟು ತರಕಾರಿ. ಏಳು ವರ್ಷದಿಂದ ರಾಸಾಯನಿಕ ಹಾಕಿಲ್ಲ.

ಹೊಳೆ ಬದಿಯ 60 ಸೆಂಟ್ಸ್ ಗದ್ದೆಗೆ ಒಬ್ಬರು ಕೇಳಿಕೊಂಡು ಬಂದರು. ಮಣ್ಣು ತುಂಬಿಸಿ ಕಾಟೇಜ್ ಕಟ್ಟುವ ಆಲೋಚನೆ ಅವರದ್ದು. ಹೇಳಿದ ಮೊತ್ತ ಆ ಗದ್ದೆ ಮೂವತ್ತು ವರ್ಷ ಬೆಳೆದರೂ ಕೊಡದಷ್ಟು. ಬೆಂಗಳೂರಿನಲ್ಲಿ ಹೋಟೆಲ್ ಇಟ್ಟಿರುವ ಅಣ್ಣ ಅದೇ ರಾತ್ರಿ ಫೋನ್ ಮಾಡಿದ: "ಕೊಟ್ ಬಿಡುವ ಮಾರಾಯಾ. ಗದ್ದಿ ಮಾಡಿ ಉದ್ಧಾರ ಆದರ್ ಯಾರ್ ಇದ್ರ್?"

ಅವನ ಮಾತಲ್ಲಿ ಸುಳ್ಳಿಲ್ಲ. ನಾಟಿಗೆ ಜನ ಇಲ್ಲ, ಕೂಲಿ ಏರಿದೆ, ನವಿಲು ಹಂದಿಯ ಕಾಟ ಬೇರೆ. ನಮ್ಮ ಬೈಲಿನಲ್ಲೇ ನಾಲ್ಕು ಮನೆಯವರ ಗದ್ದೆ ಹಡಿಲು ಬಿದ್ದಿದೆ. ಅಪ್ಪಯ್ಯ ಏನೂ ಹೇಳಲಿಲ್ಲ. ಬೆಳಿಗ್ಗೆ ಎದ್ದು ಗದ್ದೆ ಅಂಚಿನಲ್ಲಿ ಒಂದು ಸುತ್ತು ಹೋಗಿ ಬಂದರು, ಅಷ್ಟೆ.

ಅದೇ ಜನವರಿಯಲ್ಲಿ ಹಾಸನದ ಕಡೆಯ ನನ್ನ ಕಾಲೇಜು ಗೆಳೆಯ ಹೆಂಡತಿ ಮಕ್ಕಳ ಜೊತೆ ಕೊಲ್ಲೂರಿಗೆ ಹೋಗುವ ದಾರಿಯಲ್ಲಿ ಮನೆಗೆ ಬಂದ. ಮರವಂತೆ ಬೀಚಿನಲ್ಲಿ ಅವರು ನಿಂತದ್ದು ಹದಿನೈದು ನಿಮಿಷ. ನಮ್ಮ ಗದ್ದೆಯಲ್ಲಿ ನಾಲ್ಕು ಗಂಟೆ! ಮಕ್ಕಳು ಬಸಳೆ ಚಪ್ಪರದ ಅಡಿಯಿಂದ ಹೊರಗೆ ಬರಲು ಒಪ್ಪಲಿಲ್ಲ. ಹೊರಡುವಾಗ ಗೆಳೆಯನ ಹೆಂಡತಿ ಹತ್ತು ಕೆ.ಜಿ. ಕುಚ್ಚಲಕ್ಕಿ, ಒಂದು ಗೊನೆ ಬಾಳೆಹಣ್ಣು ಕಟ್ಟಿಸಿಕೊಂಡು ಬೇಡ ಎಂದರೂ ಅಪ್ಪಯ್ಯನ ಕೈಗೆ ದುಡ್ಡು ತುರುಕಿದರು. ಕಾರು ಹೋದ ಮೇಲೆ ಅಪ್ಪಯ್ಯ ನೋಟು ಹಿಡಿದುಕೊಂಡೇ ಕೇಳಿದರು: "ಎಂತ ಮಾಣಿ, ಗದ್ದಿ ಕಾಂಬುಕೂ ಜನ ದುಡ್ಡ್ ಕೊಡ್ತ್ರಾ?"

ನಾನು ಅಣ್ಣನಿಗೆ ಫೋನ್ ಮಾಡಿ ಎರಡು ವರ್ಷ ಟೈಮ್ ಕೇಳಿದೆ. ಆಗದಿದ್ದರೆ ಮಾರುವ ಅಂತ ಮಾತಾಯಿತು. ಆ ಎರಡು ವರ್ಷದಲ್ಲಿ ಕಲಿತದ್ದನ್ನು, ಎಡವಿದ್ದನ್ನೂ ಸೇರಿಸಿ, ಇಲ್ಲಿ ಬರೀತಿದ್ದೇನೆ.

ನಮ್ಮ ಸುತ್ತ ಏನುಂಟು? ರೈತನ ಕಣ್ಣಲ್ಲಿ ಒಂದು ಪಟ್ಟಿ

ನಿಮ್ಮ ಹೊಲಕ್ಕೆ ಜನ ಬರಬೇಕಾದರೆ ಸುತ್ತಲಿನ ಜಾಗಗಳ ಬಗ್ಗೆ ನಿಮಗೆ ಚೆನ್ನಾಗಿ ಗೊತ್ತಿರಬೇಕು. ಬಂದವರು ಮೊದಲು ಕೇಳುವುದೇ "ಇಲ್ಲಿ ಇನ್ನೇನು ನೋಡಬಹುದು" ಅಂತ. ನಾನು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಜಾಗಗಳನ್ನು ದಾರಿಗೆ ತಕ್ಕಂತೆ ನಾಲ್ಕು ಭಾಗ ಮಾಡಿ ಇಟ್ಟುಕೊಂಡಿದ್ದೇನೆ.

ಮೊದಲನೆಯದು ಮರವಂತೆಯೇ. ಸೌಪರ್ಣಿಕೆ ಹುಟ್ಟುವುದು ಕೊಡಚಾದ್ರಿಯಲ್ಲಿ. ಕೊಲ್ಲೂರು ದಾಟಿ ಇಳಿದು ಮರವಂತೆಯಲ್ಲಿ ಇನ್ನೇನು ಕಡಲು ಸೇರಿತು ಎನ್ನುವಾಗ ಪಕ್ಕಕ್ಕೆ ತಿರುಗಿ, ದಕ್ಷಿಣಕ್ಕೆ ಹರಿದು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರ್ತದೆ. ಅಲ್ಲಿ ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡುವುದರಿಂದ ಪಂಚಗಂಗಾವಳಿ ಎಂದು ಹೆಸರು. ಬೆಳಿಗ್ಗೆ ಬಂದರೆ ಹೊಳೆಯ ಕಡೆಯಿಂದ ಘಟ್ಟದ ಮೇಲೆ ಸೂರ್ಯ ಏಳುವುದು, ಸಂಜೆ ಬಂದರೆ ಕಡಲಿಗೆ ಇಳಿಯುವುದು. ಎರಡೂ ಒಂದೇ ಜಾಗದಲ್ಲಿ ನಿಂತು ನೋಡಬಹುದು. ಹೊಳೆ ಬದಿಯ ಮಹಾರಾಜಸ್ವಾಮಿ ವರಾಹ ದೇವಸ್ಥಾನದಲ್ಲಿ ಕರ್ಕಾಟಕ ಅಮಾವಾಸ್ಯೆಗೆ ಜಾತ್ರೆ. ಹೊಸದಾಗಿ ಮದುವೆಯಾದವರು ಆ ದಿನ ಬಂದೇ ಬರ್ತಾರೆ. ಕುಂದಾಪ್ರ ಕನ್ನಡ ದಿನ ಆಚರಿಸುವುದೂ ಅದೇ ಅಮಾವಾಸ್ಯೆಗೆ.

ಎರಡನೆಯದು ಕುಂದಾಪುರ ಪೇಟೆಯ ಬದಿ. ಕೋಡಿಯಲ್ಲಿ ದೀಪಸ್ತಂಭ, ಉದ್ದದ ಬೀಚು, ಅಳಿವೆ. ಪಂಚಗಂಗಾವಳಿಯ ಹಿನ್ನೀರಿನಲ್ಲಿ ಕುದ್ರುಗಳು, ಕಾಂಡ್ಲಾ ಕಾಡು. ಗಂಗೊಳ್ಳಿ ಬಂದರಿಗೆ ಮೀನು ಇಳಿಯುವುದನ್ನು ಮಕ್ಕಳಿಗೆ ತೋರಿಸಬಹುದು. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರ್ತದೆ, ಆಗ ಕಳಿಸಬೇಡಿ.

ಮೂರನೆಯದು ಒಳನಾಡು ಮತ್ತು ಘಟ್ಟ. ಹೆಮ್ಮಾಡಿಯಲ್ಲಿ ಬಲಕ್ಕೆ ತಿರುಗಿದರೆ ವಂಡ್ಸೆ, ಮಾರಣಕಟ್ಟೆ, ಕೊಲ್ಲೂರು. ಕೊಲ್ಲೂರಿನ ಮೇಲೆ ಮೂಕಾಂಬಿಕಾ ಅಭಯಾರಣ್ಯ, ಶಿವಮೊಗ್ಗ ಜಿಲ್ಲೆಗೆ ಸೇರಿದ 1,343 ಮೀಟರ್ ಎತ್ತರದ ಕೊಡಚಾದ್ರಿ. ಕೆರಾಡಿಯ ಮೂಡುಗಲ್ಲಿನಲ್ಲಿ ನೀರು ತುಂಬಿದ ಗುಹೆಯೊಳಗೆ ಕೇಶವನಾಥ ದೇವಸ್ಥಾನ ಇದೆ. 2022ರಲ್ಲಿ 'ಕಾಂತಾರ' ಸಿನಿಮಾ ಬಂದ ಮೇಲೆ ಕೆರಾಡಿ ಎಲ್ಲಿ ಅಂತ ನನ್ನನ್ನೇ ಎಷ್ಟೋ ಜನ ಕೇಳಿದ್ದಾರೆ. ಕಮಲಶಿಲೆಯಲ್ಲಿ ಮಳೆಗಾಲದ ನೆರೆಗೆ ಕುಬ್ಜೆಯ ನೀರು ಗರ್ಭಗುಡಿಗೇ ಬರ್ತದೆ. ಬೈಂದೂರಿನ ಕಡೆ ಹೋಗುವವರಿಗೆ ಸಂಜೆ ಒತ್ತಿನೆಣೆ ಗುಡ್ಡ, ಕೆಳಗೆ ಸೋಮೇಶ್ವರ ಬೀಚು. ಇವೆಲ್ಲದರ ನಡುವೆ ಮೊಗೇರಿ ಎಂಬ ಸಣ್ಣ ಊರು ಉಂಟು, ಕವಿ ಗೋಪಾಲಕೃಷ್ಣ ಅಡಿಗರ ಊರು.

ನಾಲ್ಕನೆಯದು ದಕ್ಷಿಣದ ದಾರಿ. ಆನೆಗುಡ್ಡೆ, ಕೋಟತಟ್ಟಿನ ಶಿವರಾಮ ಕಾರಂತ ಥೀಮ್ ಪಾರ್ಕ್, ಆಳುಪರ ರಾಜಧಾನಿಯಾಗಿದ್ದ ಬಾರ್ಕೂರು. ಕಾರಂತರು 1902ರಲ್ಲಿ ಹುಟ್ಟಿದ್ದು ಕೋಟದಲ್ಲಿ. ಅವರ 'ಮರಳಿ ಮಣ್ಣಿಗೆ' ಕಾದಂಬರಿ ನಡೆಯುವುದು ಕಡಲಿಗೂ ಅಳಿವೆಗೂ ನಡುವಿನ ಇದೇ ತರದ ಮರಳು ನೆಲದಲ್ಲಿ. ಊರಿಗೆ ವಾಪಸ್ ಬಂದ ನಮ್ಮಂಥವರು ಓದಲೇಬೇಕಾದ ಪುಸ್ತಕ. ಇದೇ ದಾರಿಯಲ್ಲಿ ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಇದೆ. ಪ್ರವಾಸಿಗರ ಪಟ್ಟಿಯಲ್ಲಿ ಇದು ಇರುವುದಿಲ್ಲ. ಆದರೆ ಕೃಷಿ ಮೇಳದ ಹೊತ್ತಿಗೆ ಬರುವ ಅತಿಥಿಗಳಿಗೆ ನಾನು ಮೊದಲು ಹೇಳುವುದೇ ಇದನ್ನು.

ಯಾವ ತಿಂಗಳು ಏನು ತೋರಿಸಬಹುದು?

ಬೀಚಿಗೆ ವರ್ಷವಿಡೀ ಒಂದೇ ಮುಖ. ಗದ್ದೆಗೆ ತಿಂಗಳಿಗೊಂದು ಮುಖ. ನಮ್ಮ ಬಂಡವಾಳ ಇದೇ.

ಜೂನ್, ಜುಲೈ: ನಾಟಿ. ಜೋರು ಮಳೆ, ಕೆಸರು, ಮನೆಯಲ್ಲಿ ಪತ್ರೊಡೆ, ಹಲಸಿನ ಎಲೆಯ ಕೊಟ್ಟೆ ಕಡುಬು. ಕಡಲಿಗೆ ಇಳಿಯುವುದಂತೂ ಈ ತಿಂಗಳಲ್ಲಿ ಬೇಡವೇ ಬೇಡ.

ಅಕ್ಟೋಬರ್, ನವೆಂಬರ್: ಕೊಯ್ಲು. ಭತ್ತ ಬೇಯಿಸಿ ಕುಚ್ಚಲಕ್ಕಿ ಮಾಡುವುದನ್ನು ನೋಡಿದವರು ಅಕ್ಕಿ ಕೊಳ್ಳದೆ ಹೋಗುವುದಿಲ್ಲ.

ನವೆಂಬರ್, ಡಿಸೆಂಬರ್: ಸಾಂಪ್ರದಾಯಿಕ ಕಂಬಳಗಳು. ವಂಡಾರು, ತಗ್ಗರ್ಸೆಯಂಥ ಕಡೆ ಕಂಬಳ ದೇವರ, ಮನೆತನದ ಆಚರಣೆ. ಅಲ್ಲಿಯ ಕ್ರಮ ಏನು ಎಂದು ಅತಿಥಿಗಳಿಗೆ ಮೊದಲೇ ಹೇಳಿ ಕಳಿಸಿ. ನವೆಂಬರಿನಿಂದ ಮೇವರೆಗೆ ಯಕ್ಷಗಾನದ ತಿರುಗಾಟ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟ ಹತ್ತಿರದ ಯಾವುದಾದರೂ ಊರಲ್ಲಿ ಇದ್ದೇ ಇರ್ತದೆ. ಟಿಕೆಟ್ ಇಲ್ಲ, ರಾತ್ರಿಯಿಡೀ ಕೂರಬಹುದು.

ಜನವರಿ: ಹೆಮ್ಮಾಡಿ ಸೇವಂತಿಗೆ. ಇದರ ಬಗ್ಗೆ ಮುಂದೆ ಹೇಳ್ತೇನೆ.

ಫೆಬ್ರವರಿ, ಮಾರ್ಚ್: ಕಲ್ಲಂಗಡಿ, ಉದ್ದು, ಕೋಟದ ಕಡೆ ನೆಲಗಡಲೆ. ಮಾಗಿದ ಕಲ್ಲಂಗಡಿ ಗುರುತಿಸುವುದನ್ನು ಮಕ್ಕಳಿಗೆ ಆಟ ಮಾಡಿ ಕಲಿಸ್ತೇನೆ: ಕಾಯಿಯ ತೊಟ್ಟಿನ ಹತ್ತಿರದ ಕುಡಿಬಳ್ಳಿ ಒಣಗಿರಬೇಕು, ನೆಲಕ್ಕೆ ತಾಗಿದ ಭಾಗ ಹಳದಿಗೆ ತಿರುಗಿರಬೇಕು, ಬೆರಳಲ್ಲಿ ತಟ್ಟಿದರೆ ಮಂದ ಸದ್ದು ಬರಬೇಕು. ಮೂರೂ ಸರಿ ಇದ್ದರೆ ಕೊಯ್ಯಲಿ, ಕೊಯ್ದದ್ದನ್ನು ತೂಕ ಮಾಡಿ ಕೊಳ್ಳಲಿ.

ಒಂದು ಎಚ್ಚರಿಕೆ: ಕಲ್ಲಂಗಡಿ ಹೂ ಅರಳುವುದು ಬೆಳಿಗ್ಗೆ, ಜೇನು ಬರುವುದೂ ಆಗಲೇ. ಹೂ ಬಿಡುವ ವಾರಗಳಲ್ಲಿ ಬೆಳಿಗ್ಗೆ ಹತ್ತರವರೆಗೆ ಬಳ್ಳಿಯ ಹತ್ತಿರ ಯಾರನ್ನೂ ಬಿಡಬೇಡಿ. ಆ ಹೊತ್ತಿಗೆ ಅತಿಥಿಗಳನ್ನು ತೋಟಕ್ಕೋ ಹಟ್ಟಿಗೋ ಕರೆದುಕೊಂಡು ಹೋಗಿ.

ಹೆಮ್ಮಾಡಿ ಸೇವಂತಿಗೆ ಮತ್ತು ರಾತ್ರಿಯ ಲೈಟು

ಹೆಮ್ಮಾಡಿ ಸುತ್ತಿನ ಗದ್ದೆಗಳಲ್ಲಿ ಭತ್ತದ ನಂತರ ಬೆಳೆಯುವ ಹಳದಿ ಸೇವಂತಿಗೆ ನಿಮಗೆ ಗೊತ್ತಿರಬಹುದು. ಹಿಂದಿನ ವರ್ಷದ ಗಿಡದ ಬುಡದಲ್ಲಿ ಬರುವ ಕಂದುಗಳನ್ನೇ ಉಳಿಸಿ ನೆಡುವ ಸ್ಥಳೀಯ ತಳಿ ಇದು. ಮಕರ ಸಂಕ್ರಾಂತಿಗೆ ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆ. ಬೆಳೆಗಾರರು ಮೊದಲ ಹೂ ಒಪ್ಪಿಸುವುದು ಅಲ್ಲಿಗೆ, ದೊಡ್ಡ ಮಾರಾಟವೂ ಆಗಲೇ. ಹೂ ಒಂದು ವಾರ ತಡವಾದರೂ ವರ್ಷದ ಲೆಕ್ಕ ತಪ್ಪಿತು.

ಈಗ ಇದಕ್ಕೂ ಪ್ರವಾಸಕ್ಕೂ ಏನು ಸಂಬಂಧ ಕೇಳಿ. ಸೇವಂತಿಗೆ ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಕತ್ತಲೆಯ ನಡುವೆ ಬೆಳಕು ಬಿದ್ದರೆ ಗಿಡಕ್ಕೆ ರಾತ್ರಿ ಚಿಕ್ಕದು ಅನ್ನಿಸಿ ಮೊಗ್ಗು ಮುಂದಕ್ಕೆ ಹೋಗ್ತದೆ. ಹಸಿರುಮನೆಯ ಬೆಳೆಗಾರರು ಹೂ ತಡ ಮಾಡಬೇಕಾದರೆ ರಾತ್ರಿ ಬೇಕೆಂದೇ ಲೈಟ್ ಹಾಕ್ತಾರೆ. ಅಂದರೆ ಸೇವಂತಿಗೆ ಗದ್ದೆಯ ಪಕ್ಕದಲ್ಲೇ ಕಟ್ಟಡ ಎದ್ದು, ರಾತ್ರಿಯಿಡೀ ಫ್ಲಡ್ ಲೈಟ್ ಉರಿದರೆ ಆ ಬದಿಯ ಸಾಲುಗಳಿಗೆ ಸಂಕ್ರಾಂತಿ ತಪ್ಪಬಹುದು. ಪಾಪ, ಕಟ್ಟಿದವರಿಗೆ ಇದು ಗೊತ್ತೂ ಇರುವುದಿಲ್ಲ.

ಕಡಲ ಬದಿಯಲ್ಲೂ ಇದೇ ಕತೆ. ಕೋಡಿಯ ಬೀಚಿಗೆ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡಲು ಬರ್ತದೆ. ಮರಿಗಳು ಮೊಟ್ಟೆಯೊಡೆದು ಬೆಳಕು ಕಂಡ ಕಡೆ ಹೋಗ್ತವೆ. ಹಿಂದೆ ರಾತ್ರಿ ಹೊಳೆಯುತ್ತಿದ್ದದ್ದು ಕಡಲು ಮಾತ್ರ. ಈಗ ದಡದ ಲೈಟು ಕಡಲಿಗಿಂತ ಹೆಚ್ಚು ಹೊಳೆದರೆ ಮರಿ ರಸ್ತೆಯ ಕಡೆ ತೆವಳ್ತದೆ.

ನಮ್ಮ 60 ಸೆಂಟ್ಸ್ ವಿಷಯದಲ್ಲಿ ನನ್ನ ಮನಸ್ಸು ಗಟ್ಟಿಯಾದದ್ದು ಇಂಥ ಲೆಕ್ಕಗಳಿಂದ. ಬೈಲು ಗದ್ದೆಗಳು ಒಂದಕ್ಕೊಂದು ಕೈ ಹಿಡಿದುಕೊಂಡ ಹಾಗೆ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಯ ಮೂಲಕ ತೋಡಿಗೆ, ತೋಡಿನಿಂದ ಹೊಳೆಗೆ. ನಡುವೆ ಒಬ್ಬರು ನಾಲ್ಕಡಿ ಮಣ್ಣು ತುಂಬಿಸಿದರೆ ಮಳೆಗಾಲದಲ್ಲಿ ಹಿಂದಿನವರ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಸಸಿ ಕೊಳೆಯುತ್ತದೆ, ಎರಡು ವರ್ಷದಲ್ಲಿ ಅದೂ ಹಡಿಲು. ಆಮೇಲೆ ಅದನ್ನೂ ಮಾರಾಟಕ್ಕೆ ಕೇಳುವವರು ಬರ್ತಾರೆ. ಹಸಿರು ನೋಡಲೆಂದು ಕಟ್ಟಿದ ಕಾಟೇಜಿನ ಕಿಟಕಿಗೆ ಕೊನೆಗೆ ಕಾಣುವುದು ಇನ್ನೊಂದು ಕಾಟೇಜು.

ನಾನು ಎಡವಿದ್ದು ಎಲ್ಲಿ?

ಮೊದಲ ತಪ್ಪು: ದೊಡ್ಡ ತಂಡಕ್ಕೆ ಹೂಂ ಅಂದದ್ದು. ಒಂದು ಬಸ್ಸಿನಲ್ಲಿ ನಲವತ್ತು ಜನ ಬಂದರು. ಅವರು ಹೋದ ಮೇಲೆ ನೋಡಿದರೆ ಕಲ್ಲಂಗಡಿಯ ಎರಡು ಸಾಲು ತುಳಿದು ಹೋಗಿತ್ತು, ತೋಡಿನಲ್ಲಿ ನೀರಿನ ಬಾಟಲಿ ತೇಲುತ್ತಿತ್ತು. ತಪ್ಪು ಅವರದ್ದಲ್ಲ, ಎಲ್ಲಿ ಕಾಲಿಡಬೇಕು ಎಂದು ನಾನು ತೋರಿಸಿರಲಿಲ್ಲ. ಈಗ ಒಂದು ಸಲಕ್ಕೆ 12 ಜನ, ಅದಕ್ಕಿಂತ ಹೆಚ್ಚಿಲ್ಲ. ಗದ್ದೆ ಅಂಚಿನ ಒಂದೇ ದಾರಿ, ಎರಡೂ ಬದಿಗೆ ಹಗ್ಗ.

ಎರಡನೇ ತಪ್ಪು ನೆನೆದರೆ ಈಗಲೂ ಎದೆ ಹೊಡೆದುಕೊಳ್ತದೆ. ಊಟ ಆದ ಮೇಲೆ ಎಲ್ಲರೂ ಜಗಲಿಯಲ್ಲಿ ಕೂತಿದ್ದಾಗ ಹತ್ತು ವರ್ಷದ ಹುಡುಗನೊಬ್ಬ ಹೊಳೆಗೆ ಇಳಿದಿದ್ದ. ನೀರು ಮೊಣಕಾಲಿನಷ್ಟೇ ಕಾಣುತ್ತಿತ್ತು. ಆದರೆ ಅದು ಇಳಿತದ ಹೊತ್ತು, ಅಳಿವೆಯ ಕಡೆಗೆ ಸೆಳೆತ ಇತ್ತು. ದೋಣಿಯಲ್ಲಿದ್ದ ನೆರೆಮನೆಯವರು ಹುಡುಗನ ಅಂಗಿ ಹಿಡಿದು ಎಳೆದು ತಂದರು. ಆಮೇಲೆ ನನಗೆ ಬೈದರು: "ಇಳ್ತದ ಹೊತ್ತಿಗ್ ಹೊಳಿಗ್ ಇಳೂಕಾಗ ಅಂದೇಳಿ ನಿಂಗ್ ಗೊತ್ತಿತ್ತ್. ಅವ್ರಿಗೆ ಹೇಳುದ್ ಯಾರ್?"

ಆ ಮಾತು ನಾನು ಮರೆತಿಲ್ಲ. ನಮಗೆ ಹುಟ್ಟಿನಿಂದ ಗೊತ್ತಿರುವುದು ಘಟ್ಟದ ಮೇಲಿನಿಂದ ಬಂದವರಿಗೆ ಗೊತ್ತಿರುವುದಿಲ್ಲ. ಈಗ ಬಂದ ಕೂಡಲೇ, ಬೆಲ್ಲ ನೀರು ಕೊಡುವ ಮೊದಲೇ, ಐದು ನಿಮಿಷ ಹೊಳೆ ಮತ್ತು ಕಡಲಿನ ಬಗ್ಗೆ ಹೇಳ್ತೇನೆ. ಹೊಳೆ ಬದಿಗೆ ಬೇಲಿ ಹಾಕಿದ್ದೇನೆ. ಹಗ್ಗ ಕಟ್ಟಿದ ಟ್ಯೂಬು ಎರಡು ಕಡೆ ನೇತುಹಾಕಿದ್ದೇನೆ. ಸಮುದ್ರದ ಅಲೆಯ ಎಚ್ಚರಿಕೆಯನ್ನು ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಕೊಡ್ತದೆ, ಅದನ್ನು ಫೋನಿನಲ್ಲೇ ನೋಡಬಹುದು. ಸಿಡಿಲಿಗೆ ದಾಮಿನಿ ಆ್ಯಪ್, ಹವಾಮಾನ ಮತ್ತು ಬೆಳೆ ಸಲಹೆಗೆ ಮೇಘದೂತ್ ಆ್ಯಪ್.

ಮೂರನೆಯದು ಕೆಸರಿನ ವಿಷಯ. ನಾಟಿ ಗದ್ದೆಯಲ್ಲಿ ಹೊರಳಾಡಿ ರೀಲ್ಸ್ ಮಾಡುವ ಆಸೆ ಎಲ್ಲರಿಗೂ. ಆದರೆ ಕರಾವಳಿಯ ಗದ್ದೆ ನೀರಿನಲ್ಲಿ ಇಲಿ ಜ್ವರದ ಅಪಾಯ ಉಂಟು. ಕಾಲಲ್ಲಿ ಗಾಯ, ಬಿರುಕು ಇದ್ದವರನ್ನು ಇಳಿಸಬೇಡಿ. ಮೇಲೆ ಬಂದ ಕೂಡಲೇ ಸೋಪು ಹಾಕಿ ತೊಳೆಯಲು ಶುದ್ಧ ನೀರು ಇಡಿ. ಊರಿಗೆ ಹೋದ ಮೇಲೆ ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಗದ್ದೆಗೆ ಇಳಿದದ್ದನ್ನು ವೈದ್ಯರಿಗೆ ಹೇಳಲು ತಿಳಿಸಿ. ನೀವು ಔಷಧ ಸಿಂಪಡಿಸುವ ರೈತರಾದರೆ, ಸಿಂಪಡಿಸಿದ ಜಾಗಕ್ಕೆ ಡಬ್ಬಿಯ ಮೇಲೆ ಬರೆದಷ್ಟು ದಿನ ಅತಿಥಿಗಳನ್ನು ಬಿಡಲೇಬೇಡಿ.

ದುಡ್ಡಿನ ಲೆಕ್ಕ

ಮೊದಲ ವರ್ಷ 14 ತಂಡ, ಒಟ್ಟು 112 ಜನ. ಬೆಳಿಗ್ಗೆ ತಿಂಡಿಯಿಂದ ಸಂಜೆಯ ಕಾಫಿವರೆಗೆ ತಲೆಗೆ 450 ರೂಪಾಯಿ. ಬಂದದ್ದು 50,400. ಅಡುಗೆ ಸಾಮಾನು, ಸಹಾಯಕ್ಕೆ ಬಂದ ಇಬ್ಬರು ಹೆಂಗಸರ ಸಂಬಳ ಸೇರಿ ಹೋದದ್ದು 24,000. ಎರಡು ಒಳ್ಳೆಯ ಶೌಚಾಲಯ, ಕೈ ತೊಳೆಯುವ ಜಾಗಕ್ಕೆ 58,000. ಅತಿಥಿಗಳು ಕೊಂಡ ಅಕ್ಕಿ, ಹಣ್ಣು, ತೆಂಗಿನೆಣ್ಣೆ, ಕಾಳುಮೆಣಸಿನಿಂದ ಬಂದದ್ದು 31,000. ಕೂಡಿಸಿ ಕಳೆದರೆ ಕೈಯಿಂದ 600 ರೂಪಾಯಿ ಹೋಯಿತು!

ಎರಡನೇ ವರ್ಷ ಶೌಚಾಲಯದ ಖರ್ಚಿಲ್ಲ, ತಂಡಗಳು 19 ಆದವು, ಕೈಯಲ್ಲಿ ಸ್ವಲ್ಪ ಉಳಿಯಿತು. ಅದರಿಂದ ಆ ವರ್ಷದ ನಾಟಿ, ಕೊಯ್ಲು ಎರಡರ ಕೂಲಿಯೂ ಹೊರಟಿತು. ಅಂದರೆ ಭತ್ತ ನನಗೆ ಪುಕ್ಕಟೆ ಸಿಕ್ಕಿದ ಹಾಗೆ. ಶ್ರೀಮಂತ ಆಗಲಿಲ್ಲ, ಆದರೆ ಭತ್ತ ಬೆಳೆದರೆ ನಷ್ಟ ಎಂಬ ಮಾತು ನಮ್ಮ ಮನೆಯಲ್ಲಿ ನಿಂತಿತು.

ಇನ್ನೊಂದು ಲೆಕ್ಕ ಗಮನಿಸಿ. ಊಟದ ದುಡ್ಡಿಗಿಂತ ಮಾರಾಟದ ದುಡ್ಡೇ ಮುಂದಕ್ಕೆ ಬೆಳೆಯುವುದು. ಒಮ್ಮೆ ಬಂದು ಹೋದವರಲ್ಲಿ ಮೂವತ್ತು ಮನೆಯವರು ಈಗಲೂ ವಾಟ್ಸ್ಆ್ಯಪ್‌ನಲ್ಲಿ ಅಕ್ಕಿ, ಎಣ್ಣೆ ತರಿಸ್ತಾರೆ. ಅವರಿಗೆ ಗದ್ದೆ ಯಾವುದು ಗೊತ್ತು, ಬೆಳೆದವರು ಯಾರು ಗೊತ್ತು. ದರಕ್ಕೆ ಚೌಕಾಸಿ ಇಲ್ಲ.

ಊಟಕ್ಕೆ ಏನು ಮಾಡುವುದು ಎಂದು ಮೊದಲ ದಿನ ನಾನು ತಲೆ ಕೆಡಿಸಿಕೊಂಡಿದ್ದೆ, ಗೋಬಿ ಮಂಚೂರಿ ಮಾಡಬೇಕಾ ಅಂತಲೂ ಯೋಚಿಸಿದ್ದೆ. ಅಬ್ಬಿ ಒಂದೇ ಮಾತಲ್ಲಿ ಮುಗಿಸಿದರು: "ಬಂದರಿಗೆ ಬೇರೆ ಎಂತಕ್ಕೆ? ನಾವ್ ಉಂಬುದೇ ಬಡ್ಸುದ್." ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಮಾವಿನ ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಕೇಳಿದವರಿಗೆ ಮೀನು ಸಾರು. ಬಂದವರು ಇವತ್ತಿಗೂ ಹೊಗಳುವುದು ಆ ಊಟವನ್ನೇ.

ಕಾಗದ ಪತ್ರ ಸರಿ ಇರಲಿ

ಹಗಲು ಬಂದು ಹೋಗುವವರಿಗೆ ಕಟ್ಟಡ ಬೇಕಿಲ್ಲ, ಜಗಲಿ ಸಾಕು. ನಾನು ರಾತ್ರಿ ಉಳಿಸುವುದಿಲ್ಲ. ಉಳಿಸುವುದಾದರೆ ಪ್ರವಾಸೋದ್ಯಮ ಇಲಾಖೆಯಲ್ಲಿ ಹೋಂಸ್ಟೇ ನೋಂದಣಿ ಮಾಡಿಸಿ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಊಟ, ಉಪ್ಪಿನಕಾಯಿ, ಎಣ್ಣೆ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಸಣ್ಣ ಮಟ್ಟಿಗೆ ಮೂಲ ನೋಂದಣಿ, ಫೋನಿನಲ್ಲೇ ಅರ್ಜಿ ಹಾಕಬಹುದು.

ಕೃಷಿ ಜಮೀನಿನಲ್ಲಿ ಬೇರೆ ಉದ್ದೇಶಕ್ಕೆ ಕಟ್ಟಬೇಕಾದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ 1964ರ ಕಲಂ 95ರಂತೆ ಭೂ ಪರಿವರ್ತನೆ ಆಗಬೇಕು. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿನ ಜಾಗಕ್ಕೆ ಸಿಆರ್‌ಝಡ್ ನಿಯಮ ಇದೆ. ಉಬ್ಬರವಿಳಿತ ಮುಟ್ಟುವ ಹೊಳೆ ದಡಕ್ಕೂ ಅದು ಅನ್ವಯ ಆಗ್ತದೆ, ಇದು ತುಂಬಾ ಜನರಿಗೆ ಗೊತ್ತಿಲ್ಲ. ನಿಮ್ಮ ಸರ್ವೆ ನಂಬರ್ ಯಾವುದು ಎಂದು ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಸಂಶಯ ಇದ್ದರೆ ತಾಲ್ಲೂಕು ಕಚೇರಿಯಲ್ಲಿ ಕೇಳಿ, ಆಮೇಲೆ ಮಾತ್ರ ಕಲ್ಲು ಇಳಿಸಿ.

ಇಟಲಿಯಲ್ಲಿ 1985ರಲ್ಲೇ ಕೃಷಿ ಪ್ರವಾಸಕ್ಕೆ ಪ್ರತ್ಯೇಕ ಕಾನೂನು ಬಂತು. ಅದರ ತಿರುಳು ಸರಳ: ಅತಿಥಿ ಸೇವೆ ಮಾಡುವವ ಮೊದಲು ರೈತನಾಗಿರಬೇಕು, ಕೃಷಿಯೇ ಮುಖ್ಯ ಕೆಲಸವಾಗಿರಬೇಕು. ನಮ್ಮಲ್ಲೂ ಮಹಾರಾಷ್ಟ್ರ 2020ರಲ್ಲಿ ಕೃಷಿ ಪ್ರವಾಸೋದ್ಯಮ ನೀತಿ ತಂದಿದೆ. ಕಾನೂನು ಇರಲಿ ಬಿಡಲಿ, ಇಟಲಿಯ ಆ ನಿಯಮವನ್ನು ನಾನು ನಮ್ಮ ಮನೆಯ ನಿಯಮ ಮಾಡಿಕೊಂಡಿದ್ದೇನೆ. ನಾಟಿ, ಕೊಯ್ಲಿನ ತುರ್ತು ಇರುವ ದಿನ ಎಷ್ಟು ದುಡ್ಡು ಕೊಟ್ಟರೂ ಬುಕಿಂಗ್ ಇಲ್ಲ.

ಈ ವಾರವೇ ಶುರು ಮಾಡಬಹುದಾದ ಐದು ಕೆಲಸ

1. ನಿಮ್ಮ ಊರಿನ ಹತ್ತು ಕಿಲೋಮೀಟರ್ ಒಳಗೆ ಜನ ನೋಡಲು ಬರುವ ಜಾಗ ಯಾವುದು, ಯಾವ ತಿಂಗಳು ಬರ್ತಾರೆ ಎಂದು ಬರೆದಿಡಿ. ಅದರ ಪಕ್ಕದಲ್ಲಿ ಆ ತಿಂಗಳು ನಿಮ್ಮ ಹೊಲದಲ್ಲಿ ಏನಿರ್ತದೆ ಎಂದು ಬರೆಯಿರಿ.

2. ಗೂಗಲ್ ಮ್ಯಾಪಿನಲ್ಲಿ ನಿಮ್ಮ ತೋಟದ ಹೆಸರು ಸೇರಿಸಿ. ಬೆಳೆಯ ಫೋಟೊ ಹಾಕಿ, ಮೊದಲೇ ಫೋನ್ ಮಾಡಿ ಬರಲು ಹೇಳಿ.

3. ಒಂದು ಕುಟುಂಬವನ್ನು, ಪರಿಚಯದವರನ್ನೇ, ಒಂದು ದಿನಕ್ಕೆ ಕರೆಯಿರಿ. ಹೋಗುವಾಗ ಏನು ಇಷ್ಟ ಆಯಿತು, ಎಲ್ಲಿ ಕಷ್ಟ ಆಯಿತು ಕೇಳಿ. ಶೌಚಾಲಯದ ಬಗ್ಗೆ ಕೇಳಲು ನಾಚಿಕೆ ಬೇಡ.

4. ಬಾವಿ, ಹೊಳೆ, ಕರೆಂಟ್ ಬೇಲಿ, ಹಾವು ಇರುವ ಪೊದೆ: ಅಪಾಯದ ಜಾಗಗಳನ್ನು ಗುರುತು ಮಾಡಿ. ಹತ್ತಿರದ ಆಸ್ಪತ್ರೆಯ ನಂಬರ್ ಜಗಲಿಯಲ್ಲಿ ಅಂಟಿಸಿ.

5. ನೆರೆಕರೆಯವರನ್ನು ಸೇರಿಸಿಕೊಳ್ಳಿ. ನಮ್ಮಲ್ಲಿ ಬೊಂಡ ಒಬ್ಬರದ್ದು, ಮೀನು ಇನ್ನೊಬ್ಬರದ್ದು, ದೋಣಿ ಮತ್ತೊಬ್ಬರದ್ದು. ಹಡಿಲು ಬಿದ್ದ ನಾಲ್ಕು ಗದ್ದೆಯಲ್ಲಿ ಒಂದಕ್ಕೆ ಕಳೆದ ಮಳೆಗಾಲ ಮತ್ತೆ ಸಸಿ ಬಿತ್ತು.

ಎರಡು ವರ್ಷದ ಗಡುವು ಈ ಸಂಕ್ರಾಂತಿಗೆ ಮುಗಿಯಿತು. ಅಣ್ಣ ಊರಿಗೆ ಬಂದಿದ್ದ. ಲೆಕ್ಕದ ಪುಸ್ತಕ ಅವನ ಮುಂದೆ ಇಟ್ಟೆ. ಹೋಟೆಲಿನವ, ಲೆಕ್ಕ ನೋಡುವುದು ಗೊತ್ತು. ಪುಟ ತಿರುಗಿಸಿ, "ಇಷ್ಟ್ ಕೆಲ್ಸಕ್ಕೆ ಇದ್ ಕಮ್ಮಿ ಆಯ್ತ್" ಅಂದ. ನಿಜ, ಕಮ್ಮಿಯೇ. ಮಧ್ಯಾಹ್ನ ಒಂದು ತಂಡ ಬಂತು. ಅದರಲ್ಲಿದ್ದ ಅಜ್ಜಿಯೊಬ್ಬರು ಗದ್ದೆ ಅಂಚಿನಲ್ಲಿ ನಡೆಯಲು ಹೆದರಿ ನಿಂತಾಗ ಅಣ್ಣನೇ ಹೋಗಿ ಕೈ ಹಿಡಿದು ಆಚೆ ದಾಟಿಸಿದ. ಸಂಜೆವರೆಗೂ ಅವರಿಗೆ ತಾನು ಸಣ್ಣವನಿದ್ದಾಗ ಅದೇ ತೋಡಿನಲ್ಲಿ ಮೀನು ಹಿಡಿದ ಕತೆ ಹೇಳ್ತಾ ಕೂತಿದ್ದ.

ಬೆಂಗಳೂರು ಬಸ್ಸಿಗೆ ಹತ್ತುವಾಗ ನಾನು ಕೇಳಿದೆ, ಆ 60 ಸೆಂಟ್ಸಿನ ಕತೆ ಏನು ಅಂತ. "ಇನ್ನೊಂದ್ ವರ್ಷ ಕಾಂಬ" ಅಂದ. ಸದ್ಯಕ್ಕೆ ಅಷ್ಟು ಸಾಕು. ಈ ಮಳೆಗಾಲಕ್ಕೂ ಆ ಗದ್ದೆಯಲ್ಲಿ ಭತ್ತವೇ.

ಮುಂದಿನ ಸಲ ಮರವಂತೆಯಲ್ಲಿ ನಿಂತು ಹೊಳೆ ಬದಿಗೆ ಫೋಟೊ ತೆಗೆಯುವಾಗ ಹಿಂದಿನ ಹಸಿರಿನ ಕಡೆ ಒಮ್ಮೆ ನೋಡಿ. ನಿಮ್ಮ ಊರಲ್ಲೂ ಇಂಥ ಒಂದು ಫೋಟೊ ಇದ್ದೇ ಇರ್ತದೆ. ಅದರ ಹಿನ್ನೆಲೆಯಲ್ಲಿ ಇರುವುದು ನಿಮ್ಮ ಗದ್ದೆಯಾ ನೋಡಿಕೊಳ್ಳಿ.